ಭಿನ್ನ ತಳಿಯ ಎರಡು ನಾಯಿಗಳ ಸಹವಾಸ

ಮನೆಯಲ್ಲಿ ಆಗಲೇ ಒಂದು ನಾಯಿಯನ್ನು ಸಾಕಿಕೊಂಡಿರುವವರು ಬೇರೊಂದು ತಳಿಯ ಎರಡನೆಯ ನಾಯಿಯನ್ನು ತರಲು ಯೋಚಿಸಿದೊಡನೆ ನೆರೆಹೊರೆಯವರಿಂದ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ‘ಜಾತಿ ಬೇರೆಯಾದ ನಾಯಿಗಳು ಎಂದಿಗೂ ಹೊಂದಿಕೊಳ್ಳವು, ಒಂದು ಇನ್ನೊಂದನ್ನು ಕೊಂದೇ ತೀರುತ್ತದೆ’ ಎಂಬುದು ಒಂದು. ‘ನಾಯಿ ಎಂದ ಮೇಲೆ ನಾಯಿಯೇ, ಎರಡು ದಿನ ಕಚ್ಚಾಡಿ ತಾವೇ ಸರಿಹೋಗುತ್ತವೆ, ನೀವು ನಡುವೆ ಹೋಗಬೇಡಿ’ ಎಂಬುದು ಇನ್ನೊಂದು. ಮೊದಲನೆಯ ಮಾತನ್ನು ನಂಬಿದವರು, ವರ್ಷಗಟ್ಟಲೆ ಮನೆ ಕಾದ ಹಳೆಯ ನಾಯಿಯನ್ನು ಹೊಸತರ ಸಲುವಾಗಿ ಯಾರಿಗೋ ಕೊಟ್ಟುಬಿಡುವುದುಂಟು. ಇಲ್ಲವೆ ಎರಡರಲ್ಲಿ ಒಂದನ್ನು ಜೀವಮಾನವಿಡೀ ಸರಪಳಿಯಲ್ಲಿ ಕಟ್ಟಿಹಾಕುವುದುಂಟು. ಎರಡನೆಯ ಮಾತನ್ನು ನಂಬಿದವರು ಒಂದು ದಿನ ಚಿಕ್ಕ ನಾಯಿಯ ಮುರಿದ ಪಕ್ಕೆಲುಬುಗಳನ್ನು ಕಂಡು ಮರುಗುವುದೂ ಉಂಟು. ಎರಡು ಅಭಿಪ್ರಾಯಗಳಲ್ಲಿಯೂ ಒಂದಿಷ್ಟು ಸತ್ಯಾಂಶವಿದೆ. ಆದರೆ ಯಾವುದೂ ಪೂರ್ಣ ಸತ್ಯವಲ್ಲ. ಪ್ರಾಣಿಶಾಸ್ತ್ರಜ್ಞರು ನಡೆಸಿರುವ ಪ್ರಯೋಗಗಳನ್ನೂ ಭೌತಶಾಸ್ತ್ರದ ಕೆಲವು ಸರಳ ನಿಯಮಗಳನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿಚಾರಮಾಡೋಣ.

ವಿಷಯವು ಸ್ಪಷ್ಟವಾಗಿರಲೆಂದು ಒಂದು ಜೋಡಿಯನ್ನು ಉದಾಹರಣೆಯಾಗಿ ಆರಿಸಿಕೊಳ್ಳುತ್ತೇವೆ. ಮೊದಲನೆಯದು ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ. ನೀಳವಾದ ಮೂತಿ, ಆಳವಾದ ಎದೆ, ಒಳಕ್ಕೆ ಸೇದಿಕೊಂಡ ಹೊಟ್ಟೆ, ಉದ್ದನೆಯ ಕಾಲುಗಳು, ಗಿಡ್ಡವಾದ ನುಣುಪು ಕೂದಲು ಇವು ಅದರ ಲಕ್ಷಣಗಳು. ಬೇಟೆಯನ್ನು ವಾಸನೆಯಿಂದ ಹುಡುಕುವುದಕ್ಕಿಂತ ಕಣ್ಣಿನಿಂದ ಕಂಡು ಅಟ್ಟಿಹಿಡಿಯುವುದು ಅದರ ಸಹಜ ರೀತಿ. ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ ಖ್ಯಾತಿಗೆ ತಂದರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಎರಡನೆಯದು ನಮ್ಮ ಪಟ್ಟಣಗಳ ಮನೆಮನೆಗಳಲ್ಲಿ ಪಾಮೆರೇನಿಯನ್ ಎಂದು ಕರೆಸಿಕೊಳ್ಳುವ, ಉಬ್ಬಿದ ಬಿಳಿಯ ಕೂದಲಿನ, ಚೂಪು ಕಿವಿಯ, ಬೆನ್ನಿನ ಮೇಲೆ ಬಾಲವನ್ನು ಸುರುಳಿಮಾಡಿಕೊಂಡಿರುವ ಪುಟ್ಟ ನಾಯಿ. ಇವುಗಳಲ್ಲಿ ಹೆಚ್ಚಿನವು ವಾಸ್ತವವಾಗಿ ಇಂಡಿಯನ್ ಸ್ಪಿಟ್ಜ್ ಎಂಬ ತಳಿಗೆ ಸೇರಿದವು. ಲೆಕ್ಕದ ಸೌಕರ್ಯಕ್ಕಾಗಿ ಮುಧೋಳ ನಾಯಿಯ ತೂಕವು 25 ಕಿಲೋಗ್ರಾಂ ಎಂದೂ, ಸ್ಪಿಟ್ಜ್ ನಾಯಿಯ ತೂಕವು 5 ಕಿಲೋಗ್ರಾಂ ಎಂದೂ ಇಟ್ಟುಕೊಳ್ಳೋಣ. ನೋಟದಲ್ಲಿ ಇಷ್ಟು ಬೇರೆಯಾದ ಈ ಎರಡು ಪ್ರಾಣಿಗಳು ಒಂದೇ ಸೂರಿನ ಕೆಳಗೆ ಸುಖವಾಗಿ ಬಾಳಬಲ್ಲವೆ?

ತಳಿ ಎಂದರೇನು?

ಮೊದಲು ‘ಜಾತಿ’ ಎಂಬ ಮಾತಿನ ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಹುಲಿಯೂ ಚಿರತೆಯೂ ಬೇರೆ ಬೇರೆಯಾಗಿರುವ ಅರ್ಥದಲ್ಲಿ ಮುಧೋಳ ನಾಯಿಯೂ ಸ್ಪಿಟ್ಜ್ ನಾಯಿಯೂ ಬೇರೆಯಲ್ಲ. ಜಗತ್ತಿನ ಸಾಕುನಾಯಿಗಳೆಲ್ಲವೂ ಒಂದೇ ಪ್ರಾಣಿಜಾತಿಗೆ ಸೇರಿದವು. ಎಲ್ಲವೂ ಪ್ರಾಚೀನ ಕಾಲದ ತೋಳಗಳ ಸಂತತಿ. ಜರ್ಮನಿಯ ಬಾನ್ ನಗರದ ಬಳಿ, ಓಬರ್‌ಕಾಸೆಲ್ ಎಂಬಲ್ಲಿ, ಮನುಷ್ಯರೊಡನೆ ಹೂಳಲ್ಪಟ್ಟ ನಾಯಿಯೊಂದರ ಎಲುಬುಗಳು ದೊರೆತಿವೆ. ಅವು ಸುಮಾರು 14,000 ವರ್ಷಗಳಷ್ಟು ಹಳೆಯವು. ನಾಯಿಯು ಮನುಷ್ಯನ ಸಂಗಾತಿಯಾಗಿ ಕಡಿಮೆಯೆಂದರೂ ಅಷ್ಟು ಕಾಲ ಕಳೆದಿದೆ. ಇದಕ್ಕೆ ಹೋಲಿಸಿದರೆ ಇಂದಿನ ಹೆಚ್ಚಿನ ತಳಿಗಳ ಇತಿಹಾಸವು ನಿನ್ನೆ ಮೊನ್ನೆಯದು. ಬೇಟೆ, ಕಾವಲು, ಕುರಿಕಾಯುವಿಕೆ ಮುಂತಾದ ಕೆಲಸಗಳಿಗೆ ತಕ್ಕ ನಾಯಿಗಳು ಹಿಂದಿನಿಂದಲೂ ಇದ್ದುವಾದರೂ, ವಂಶಾವಳಿಯನ್ನು ಬರೆದಿಟ್ಟು, ತಳಿಯ ಹೊರಗೆ ಕೂಡಲು ಬಿಡದೆ ಬೆಳೆಸುವ ಪದ್ಧತಿಯು ಬಲಗೊಂಡುದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಗ್ಲೆಂಡಿನ ಕೆನಲ್ ಕ್ಲಬ್ ಸ್ಥಾಪಿತವಾದುದು 1873ರಲ್ಲಿ. ಈಗ ಅಂತರರಾಷ್ಟ್ರೀಯ ಮನ್ನಣೆ ಪಡೆದ ತಳಿಗಳ ಸಂಖ್ಯೆ 350ನ್ನು ಮೀರಿದೆ.

ಹೀಗೆ ಬೇರ್ಪಡಿಸಿ ಬೆಳೆಸಿದುದರಿಂದ ತಳಿತಳಿಗಳ ನಡುವೆ ಆನುವಂಶಿಕ ವ್ಯತ್ಯಾಸವು ಉಂಟಾಗಿರುವುದು ನಿಜ. 2004ರಲ್ಲಿ ಅಮೆರಿಕದ ವಿಜ್ಞಾನಿಗಳು 85 ತಳಿಗಳ ನಾಯಿಗಳನ್ನು ಪರೀಕ್ಷಿಸಿದಾಗ, ಒಟ್ಟು ಆನುವಂಶಿಕ ವೈವಿಧ್ಯದಲ್ಲಿ ನೂರಕ್ಕೆ ಸುಮಾರು 30 ಪಾಲು ಮಾತ್ರ ತಳಿಗಳ ನಡುವಣ ಭೇದದಿಂದ ಬಂದುದೆಂದು ಕಂಡುಬಂದಿತು. ಉಳಿದ ಪಾಲು ಒಂದೇ ತಳಿಯ ನಾಯಿನಾಯಿಗಳ ನಡುವಿನದು. ಅಲ್ಲದೆ ನಮ್ಮ ಕಣ್ಣಿಗೆ ಅಗಾಧವೆಂದು ತೋರುವ ಭೇದವೂ ಹಲವು ವೇಳೆ ಅತ್ಯಲ್ಪ ಕಾರಣದಿಂದ ಉಂಟಾಗಿರುತ್ತದೆ. ಶರೀರದ ಬೆಳವಣಿಗೆಯನ್ನು ನಿಯಂತ್ರಿಸುವ ಒಂದೇ ಒಂದು ಜೀನಿನ ಒಂದು ರೂಪವು ಚಿಕ್ಕ ಗಾತ್ರದ ತಳಿಗಳಲ್ಲಿ ಸಾಮಾನ್ಯವಾಗಿಯೂ ದೊಡ್ಡ ತಳಿಗಳಲ್ಲಿ ಬಲು ವಿರಳವಾಗಿಯೂ ಇರುವುದೆಂದು 2007ರಲ್ಲಿ ತಿಳಿದುಬಂದಿತು. ಆದುದರಿಂದ, ಆಕಾರದಲ್ಲಿ ಆನೆಗೂ ಆಡಿಗೂ ಇರುವ ಅಂತರವನ್ನು ಕಂಡು ಮನೋಧರ್ಮದಲ್ಲಿಯೂ ಅಷ್ಟೇ ಅಂತರವಿರಬೇಕೆಂದು ಊಹಿಸುವುದು ಸರಿಯಲ್ಲ.

ಒಂದು ಇನ್ನೊಂದನ್ನು ನಾಯಿಯೆಂದು ಅರಿಯುವುದೆ?

ಮುಧೋಳ ನಾಯಿಯ ಕಣ್ಣಿಗೆ ಸ್ಪಿಟ್ಜ್ ಒಂದು ಮೊಲದಂತೆ ತೋರಬಹುದಲ್ಲವೆ ಎಂಬ ಸಂದೇಹ ಹಲವರಿಗಿದೆ. ಈ ಸಂದೇಹವನ್ನು ಫ್ರಾನ್ಸಿನ ವಿಜ್ಞಾನಿಗಳು ಪ್ರಯೋಗದಿಂದ ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂಬತ್ತು ನಾಯಿಗಳಿಗೆ ಗಣಕಯಂತ್ರದ ಪರದೆಯ ಮೇಲೆ ಎರಡೆರಡು ಮುಖಚಿತ್ರಗಳನ್ನು ತೋರಿಸಲಾಯಿತು. ಒಂದು ಯಾವುದಾದರೂ ತಳಿಯ ನಾಯಿಯದು, ಇನ್ನೊಂದು ಬೇರೆ ಪ್ರಾಣಿಯದು. ನಾಯಿಯ ಚಿತ್ರವನ್ನು ಆರಿಸಿದರೆ ಬಹುಮಾನ. ಚಿತ್ರಗಳಲ್ಲಿದ್ದ ನಾಯಿಗಳು ಕಿವಿ, ಮೂತಿ, ಕೂದಲು, ಬಣ್ಣಗಳಲ್ಲಿ ಒಂದಕ್ಕೊಂದು ಸ್ವಲ್ಪವೂ ಹೋಲದಿದ್ದರೂ ಒಂಬತ್ತು ನಾಯಿಗಳೂ ‘ಇದು ನಾಯಿ’ ಎಂದು ಬೇರ್ಪಡಿಸಲು ಸಮರ್ಥವಾದವು. ವಾಸನೆಯ, ಶಬ್ದದ, ಚಲನೆಯ ಸಹಾಯವಿಲ್ಲದೆ ಬರಿಯ ಚಿತ್ರದಿಂದಲೇ ಇದು ಸಾಧ್ಯವಾಯಿತೆಂಬುದನ್ನು ವಾಚಕರು ಗಮನಿಸಬೇಕು. ನಿಜಜೀವನದಲ್ಲಿ ಇವುಗಳಿಗೆ ಮೂಗಿನ ನೆರವೂ ಇದೆ. ಎರಡು ನಾಯಿಗಳು ಎದುರಾದಾಗ ಬಾಲದ ಬುಡವನ್ನು ಮೂಸಿ ನೋಡುವುದು ನಮಗೆ ಅಸಭ್ಯವೆಂದು ತೋರಿದರೂ, ಅವುಗಳ ಪಾಲಿಗೆ ಅದು ಪರಿಚಯಪತ್ರವನ್ನು ಓದಿದಂತೆ.

ಸಂಕೇತಗಳ ತೊಡಕು

ಗುರುತಿಸುವುದು ಒಂದು, ಮಾತನ್ನು ತಿಳಿಯುವುದು ಇನ್ನೊಂದು. ನಾಯಿಗಳು ತಮ್ಮ ಇಂಗಿತವನ್ನು ಕಿವಿ, ಬಾಲ, ತುಟಿ, ಬೆನ್ನಿನ ಕೂದಲು, ಮೈಯ ಭಂಗಿ ಇವುಗಳಿಂದ ತಿಳಿಸುತ್ತವೆ. ತಳಿಗಳನ್ನು ರೂಪಿಸುವಾಗ ಮನುಷ್ಯನು ಈ ಅಂಗಗಳನ್ನೇ ಮನಬಂದಂತೆ ಬದಲಾಯಿಸಿದ್ದಾನೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಹತ್ತು ತಳಿಗಳನ್ನು ಅಭ್ಯಸಿಸಿ 1997ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಬೆದರಿಸಲೂ ಶರಣಾಗಲೂ ತೋಳಗಳು ಬಳಸುವ ಹದಿನೈದು ಸಂಕೇತಗಳಲ್ಲಿ, ತೋಳವನ್ನೇ ಹೋಲುವ ಸೈಬೀರಿಯನ್ ಹಸ್ಕಿ ತಳಿಯು ಹದಿನೈದನ್ನೂ ತೋರಿಸುತ್ತಿತ್ತು. ಮರಿಯ ಮುಖವನ್ನೇ ಉಳಿಸಿಕೊಂಡಿರುವ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತಳಿಯು ಎರಡನ್ನು ಮಾತ್ರ ತೋರಿಸುತ್ತಿತ್ತು.

ಬಾಲದ ವಿಷಯವಾಗಿ ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾನಿಲಯದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೂ ಬೋಧಪ್ರದವಾಗಿದೆ. ಅಲ್ಲಿ ಯಂತ್ರದಿಂದ ಬಾಲವಾಡಿಸುವ ಒಂದು ಬೊಂಬೆನಾಯಿಯನ್ನು ಮಾಡಿ, ಬಯಲಿನಲ್ಲಿ ತಿರುಗುವ ನಾಯಿಗಳ ಎದುರಿಗೆ ನಿಲ್ಲಿಸಿದರು. ಬಾಲವು ಉದ್ದವಾಗಿದ್ದಾಗ, ಅದು ಅಲ್ಲಾಡುತ್ತಿದೆಯೆ ಅಥವಾ ನೆಟ್ಟಗೆ ನಿಂತಿದೆಯೆ ಎಂಬುದನ್ನು ನೋಡಿ ದೊಡ್ಡ ನಾಯಿಗಳು ಹತ್ತಿರ ಬರಬೇಕೋ ಬೇಡವೋ ಎಂದು ನಿರ್ಧರಿಸುತ್ತಿದ್ದುವು. ಬಾಲವನ್ನು ಮೋಟುಮಾಡಿದಾಗ ಈ ವಿವೇಚನೆಯು ಅವುಗಳಿಗೆ ಸಾಧ್ಯವಾಗಲಿಲ್ಲ. ನಮ್ಮ ಉದಾಹರಣೆಗೆ ಬಂದರೆ, ಸ್ಪಿಟ್ಜ್ ನಾಯಿಯ ಬಾಲವು ಸದಾ ಮೇಲೆತ್ತಿಯೇ ಇರುತ್ತದೆ, ಕೂದಲು ಸದಾ ಉಬ್ಬಿಯೇ ಇರುತ್ತದೆ. ಮುಧೋಳ ನಾಯಿಯಲ್ಲಿ ಎತ್ತಿದ ಬಾಲಕ್ಕೆ ಒಂದು ಅರ್ಥವಿದ್ದರೆ, ಸ್ಪಿಟ್ಜ್‌ನಲ್ಲಿ ಅದು ಬರಿಯ ಅಂಗರಚನೆ. ಮೊದಲ ದಿನಗಳಲ್ಲಿ ಒಂದು ಇನ್ನೊಂದನ್ನು ತಪ್ಪು ತಿಳಿಯಲು ಇಷ್ಟು ಸಾಕು.

ಆದರೆ ಧ್ವನಿಯ ಭಾಷೆ ಹೀಗೆ ಕೆಟ್ಟಿಲ್ಲ. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಅನುರಣಿಸುವ ಮೂಲಸ್ವರದ ಕಂಪನಸಂಖ್ಯೆಯನ್ನು ಪಡೆಯಬೇಕಾದರೆ, ಶಬ್ದದ ವೇಗವನ್ನು ಕೊಳವೆಯ ಉದ್ದದ ನಾಲ್ಕರಷ್ಟರಿಂದ ಭಾಗಿಸಬೇಕೆಂದು ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳು ಕಲಿತಿರುತ್ತಾರೆ. ನಾಯಿಯ ಗಂಟಲಿನಿಂದ ಬಾಯಿಯವರೆಗಿನ ಮಾರ್ಗವನ್ನು ಸ್ಥೂಲವಾಗಿ ಅಂಥ ಕೊಳವೆಯೆಂದು ಭಾವಿಸಬಹುದು. ಬೆಚ್ಚನೆಯ ಉಸಿರಿನಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 352 ಮೀಟರು. ಮಾರ್ಗದ ಉದ್ದ 20 ಸೆಂಟಿಮೀಟರಾದರೆ ಸ್ವರವು ಸೆಕೆಂಡಿಗೆ 440 ಕಂಪನಗಳದು; 10 ಸೆಂಟಿಮೀಟರಾದರೆ 880 ಕಂಪನಗಳದು. ಹೀಗೆ ಗುರುಗುಟ್ಟುವ ಧ್ವನಿಯಲ್ಲಿಯೇ ದೇಹದ ಗಾತ್ರವು ಅಡಗಿರುತ್ತದೆ. ಹಂಗೆರಿಯ ಬುಡಾಪೆಸ್ಟ್ ನಗರದ ಸಂಶೋಧಕರು ನಾಯಿಗಳಿಗೆ ಗುರುಗುಟ್ಟುವಿಕೆಯ ಧ್ವನಿಮುದ್ರಣವನ್ನು ಕೇಳಿಸಿ, ಚಿಕ್ಕದು ದೊಡ್ಡದು ಎಂದು ಎರಡು ನಾಯಿಚಿತ್ರಗಳನ್ನು ತೋರಿಸಿದಾಗ, ಅವು ಧ್ವನಿಗೆ ಸರಿಹೊಂದುವ ಗಾತ್ರದ ಚಿತ್ರದತ್ತಲೇ ನೋಡಿದುವು. ಎಲುಬನ್ನು ಕಾಯುವಾಗಿನ ಗುರುಗುಟ್ಟುವಿಕೆಯನ್ನು ಕೇಳಿಸಿದಾಗ ಎಲುಬಿನಿಂದ ದೂರ ಸರಿದುವು. ಎರಡೂ ಅಧ್ಯಯನಗಳು ಪ್ರಕಟವಾದುದು 2010ರಲ್ಲಿ. ಆದುದರಿಂದ ಭಿನ್ನ ತಳಿಗಳ ನಡುವೆ ಇರುವುದು ಭಾಷಾಭೇದವಲ್ಲ. ಒಂದೇ ಭಾಷೆಯ ಉಚ್ಚಾರಭೇದ. ಧಾರವಾಡದವರಿಗೂ ಮಂಗಳೂರಿನವರಿಗೂ ಇರುವ ಭೇದದಂತೆ, ಕೆಲವು ದಿನಗಳ ಒಡನಾಟದಿಂದ ಅದು ತಿಳಿಯುತ್ತಹೋಗುತ್ತದೆ.

ತಳಿಯೂ ಸ್ವಭಾವವೂ

‘ಈ ತಳಿ ಸೌಮ್ಯ, ಆ ತಳಿ ಜಗಳಗಂಟ’ ಎಂಬ ಮಾತು ಎಷ್ಟರ ಮಟ್ಟಿಗೆ ನಿಜ? ಈ ಬಗ್ಗೆ ಅಮೆರಿಕದಲ್ಲಿ ನಡೆದ ಬಹು ದೊಡ್ಡ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. 18,385 ನಾಯಿಗಳ ನಡತೆಯ ವಿಷಯವಾಗಿ ಒಡೆಯರಿಂದ ಉತ್ತರಗಳನ್ನು ಪಡೆದು, ಅವುಗಳಲ್ಲಿ 2,155 ನಾಯಿಗಳ ಜೀನುಗಳನ್ನು ಓದಿ ನೋಡಿದರು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡತೆಯ ವ್ಯತ್ಯಾಸದಲ್ಲಿ, ತಳಿಯಿಂದ ವಿವರಿಸಬಹುದಾದ ಪಾಲು ನೂರಕ್ಕೆ ಸುಮಾರು 9 ಮಾತ್ರ ಎಂದು ಕಂಡುಬಂದಿತು. ಅಂದರೆ ತಳಿಯ ಹೆಸರನ್ನು ಕೇಳಿದಮಾತ್ರದಿಂದಲೇ ಒಂದು ನಾಯಿಯ ಗುಣವನ್ನು ಹೇಳಹೊರಡುವವರು, ಊರಿನ ಹೆಸರನ್ನು ಕೇಳಿ ಮನುಷ್ಯನ ಗುಣವನ್ನು ಹೇಳುವವರಂತೆ ಬಹಳ ಸಲ ಎಡವುತ್ತಾರೆ.

ಹಾಗೆಂದು ತಳಿಯ ಪ್ರಭಾವವು ಶೂನ್ಯವೆಂದೂ ಹೇಳಲಾಗದು. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಗಳ ಮರಿಗಳನ್ನು ಒಂದೇ ಪರಿಸರದಲ್ಲಿ ಬೆಳೆಸಿ, ಅನೇಕ ವರ್ಷಗಳ ಅವಲೋಕನವನ್ನು 1965ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಫಾಕ್ಸ್ ಟೆರಿಯರ್ ಮರಿಗಳು ಒಂದೇ ತಾಯಿಯ ಮಕ್ಕಳಾಗಿದ್ದರೂ ಹಲವು ಕೂಡಿ ಒಂದರ ಮೇಲೆ ಬೀಳುತ್ತಿದ್ದುದರಿಂದ ಅವುಗಳ ಗುಂಪನ್ನು ಒಡೆಯಬೇಕಾಗುತ್ತಿತ್ತು. ಬೀಗಲ್ ಮರಿಗಳಾದರೋ ಗುಂಪಾಗಿ ಶಾಂತವಾಗಿರುತ್ತಿದ್ದುವು. ಈ ಅವಲೋಕನದಲ್ಲಿ ನಮ್ಮ ಪ್ರಶ್ನೆಗೆ ಒಂದು ಮುಖ್ಯ ಪಾಠವಿದೆ. ತಳಿ ಒಂದೇ ಆದಮಾತ್ರಕ್ಕೆ ಶಾಂತಿ ನೆಲಸುವುದಿಲ್ಲ; ತಳಿ ಬೇರೆಯಾದಮಾತ್ರಕ್ಕೆ ಜಗಳವೂ ಹುಟ್ಟುವುದಿಲ್ಲ.

ಬೇಟೆನಾಯಿಗಳ ವಿಷಯದಲ್ಲಿ ಮಾತ್ರ ಒಂದು ವಿಶೇಷ ಎಚ್ಚರಿಕೆ ಅವಶ್ಯಕ. ತೋಳದ ಬೇಟೆಯು ಕ್ರಮಬದ್ಧವಾದ ಹಂತಗಳಲ್ಲಿ ನಡೆಯುತ್ತದೆ: ಕಾಣುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಕುರಿಕಾಯುವ ನಾಯಿಗಳಲ್ಲಿ ಮೊದಲ ಹಂತಗಳನ್ನು ಬಲಪಡಿಸಿ ಕೊನೆಯವನ್ನು ಕುಗ್ಗಿಸಿದ್ದಾರೆ. ಮುಧೋಳದಂಥ ತಳಿಗಳಲ್ಲಿ ಅಟ್ಟುವ ಹಂತವು ಅತ್ಯಂತ ಪ್ರಬಲವಾಗಿದೆ. ಅದನ್ನು ಕೆರಳಿಸುವುದು ಓಡುತ್ತಿರುವ ಚಿಕ್ಕ ವಸ್ತು. ಮನೆಯೊಳಗೆ ಸ್ಪಿಟ್ಜ್‌ನೊಡನೆ ಮಲಗುವ ಮುಧೋಳ ನಾಯಿಯೇ, ಬಯಲಿನಲ್ಲಿ ಬಿಳಿಯ ಪುಟ್ಟ ಆಕಾರವೊಂದು ಕೀರಲು ಧ್ವನಿ ಮಾಡುತ್ತ ದೂರಕ್ಕೆ ಓಡುವುದನ್ನು ಕಂಡಾಗ, ಒಂದು ಕ್ಷಣ ಬೇಟೆಗಾರನಾಗಿಬಿಡಬಹುದು. ಇದು ದ್ವೇಷವಲ್ಲ, ಆದರೆ ಪರಿಣಾಮವು ದ್ವೇಷಕ್ಕಿಂತ ಕಡಿಮೆಯದೇನೂ ಅಲ್ಲ. ಆದುದರಿಂದ ಇಂಥ ಜೋಡಿಯನ್ನು ತೆರೆದ ಬಯಲಿನಲ್ಲಿ ಒಟ್ಟಿಗೆ ಬಿಚ್ಚಿಬಿಡಬಾರದು.

ತೂಕದ ಲೆಕ್ಕ

ದ್ವೇಷವೂ ಇಲ್ಲದೆ, ಬೇಟೆಯ ಹುಮ್ಮಸ್ಸೂ ಇಲ್ಲದೆ, ಬರಿಯ ಆಟದಲ್ಲಿಯೇ ಅಪಾಯವಾಗಬಹುದೆಂಬುದನ್ನು ನ್ಯೂಟನ್ನನ ನಿಯಮಗಳಿಂದ ತಿಳಿಯಬಹುದು. ಮುಧೋಳ ನಾಯಿಯು ಅಂಗಳದಲ್ಲಿ ಸೆಕೆಂಡಿಗೆ 6 ಮೀಟರ್ ವೇಗದಿಂದ ಓಡಿಬಂದು, ನಿಂತಿರುವ ಸ್ಪಿಟ್ಜ್ ನಾಯಿಗೆ ಢಿಕ್ಕಿಹೊಡೆಯಿತೆಂದು ಭಾವಿಸೋಣ. ಈ ವೇಗವು ಅದರ ಪೂರ್ಣಶಕ್ತಿಗೆ ಎಷ್ಟೋ ಕಡಿಮೆ. ಸಂವೇಗವೆಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ ಫಲ; ಢಿಕ್ಕಿಯ ಮೊದಲು ಅದು 25 × 6 = 150. ಢಿಕ್ಕಿಯಾದ ಕ್ಷಣದಲ್ಲಿ ಎರಡೂ ಒಂದಾಗಿ ಚಲಿಸುವುವೆಂದು ಎಣಿಸಿದರೆ, ಒಟ್ಟು 30 ಕಿಲೋಗ್ರಾಂ ತೂಕಕ್ಕೆ ಅದೇ ಸಂವೇಗವು ಹಂಚಿಹೋಗುವುದರಿಂದ, ಇಬ್ಬರ ವೇಗವೂ ಸೆಕೆಂಡಿಗೆ 5 ಮೀಟರಾಗುತ್ತದೆ. ಅಂದರೆ ದೊಡ್ಡ ನಾಯಿಯ ವೇಗದಲ್ಲಿ ಆದ ಬದಲಾವಣೆ 1 ಮೀಟರು. ಚಿಕ್ಕ ನಾಯಿಯ ವೇಗದಲ್ಲಿ ಆದ ಬದಲಾವಣೆ 5 ಮೀಟರು.

ಈ ಅಂಕೆಗಳ ಅರ್ಥವು ಮನಸ್ಸಿಗೆ ನಾಟಬೇಕಾದರೆ ಅವನ್ನು ಬೀಳುವಿಕೆಗೆ ಹೋಲಿಸಬೇಕು. ಸೆಕೆಂಡಿಗೆ 5 ಮೀಟರ್ ವೇಗವನ್ನು ಪಡೆಯಲು ಸುಮಾರು 1.28 ಮೀಟರ್ ಎತ್ತರದಿಂದ, ಅಂದರೆ ಮೇಜಿಗಿಂತಲೂ ಎಷ್ಟೋ ಎತ್ತರದಿಂದ, ಬೀಳಬೇಕು. ಸೆಕೆಂಡಿಗೆ 1 ಮೀಟರ್ ವೇಗಕ್ಕೆ 5 ಸೆಂಟಿಮೀಟರ್ ಎತ್ತರ ಸಾಕು. ಒಂದೇ ಢಿಕ್ಕಿಯು ಮುಧೋಳಕ್ಕೆ ಹೊಸ್ತಿಲು ಇಳಿದಷ್ಟು, ಸ್ಪಿಟ್ಜ್‌ಗೆ ಅಟ್ಟದಿಂದ ತಳ್ಳಿದಷ್ಟು. ದೊಡ್ಡ ನಾಯಿಗೆ ತಾನು ಏನನ್ನಾದರೂ ಮಾಡಿದೆನೆಂಬ ಅರಿವೂ ಇರಲಾರದು. ಕಚ್ಚುವಿಕೆಯ ವಿಷಯವೂ ಹೀಗೆಯೇ. ಸಮಾನ ಗಾತ್ರದ ನಾಯಿಗಳಲ್ಲಿ ಒಂದು ಎಚ್ಚರಿಕೆಯಾಗಿ ಮುಗಿಯಬಹುದಾದ ಕಡಿತವು, ಐದರಲ್ಲಿ ಒಂದು ಪಾಲು ತೂಕದ ನಾಯಿಯಲ್ಲಿ ಪ್ರಾಣಾಪಾಯವನ್ನು ತರಬಲ್ಲದು. ಹೊರಗೆ ಚರ್ಮದಲ್ಲಿ ಎರಡು ಚಿಕ್ಕ ತೂತುಗಳು ಮಾತ್ರ ಕಾಣುತ್ತಿದ್ದು, ಒಳಗೆ ಸ್ನಾಯುಗಳು ಹರಿದು ಪಕ್ಕೆಲುಬು ಮುರಿದಿರುವುದುಂಟು. ಆದುದರಿಂದ ದೊಡ್ಡ ನಾಯಿಯು ಕಚ್ಚಿದ ಚಿಕ್ಕ ನಾಯಿಯನ್ನು, ಗಾಯವು ಎಷ್ಟು ಅಲ್ಪವಾಗಿ ತೋರಿದರೂ, ಆ ದಿನವೇ ಪಶುವೈದ್ಯರಿಗೆ ತೋರಿಸಬೇಕು. ‘ತಾವೇ ಸರಿಹೋಗುತ್ತವೆ’ ಎಂಬ ಸಲಹೆಯು ಎಲ್ಲಿ ತಪ್ಪುತ್ತದೆಂಬುದು ಈಗ ಸ್ಪಷ್ಟವಾಯಿತು. ಸರಿಹೋಗುವ ಮುನ್ನವೇ ಒಂದು ಇಲ್ಲವಾಗಬಹುದು.

ಗಾತ್ರದ ಅಂತರವು ಊಟಕ್ಕೂ ನಿದ್ರೆಗೂ ಸಂಬಂಧಿಸಿದೆ. ಪ್ರಾಣಿಯು ಸುಮ್ಮನೆ ಮಲಗಿರುವಾಗ ವ್ಯಯಿಸುವ ಶಕ್ತಿಯು ಅದರ ತೂಕಕ್ಕೆ ನೇರ ಪ್ರಮಾಣದಲ್ಲಿರದೆ, ತೂಕದ ಮುಕ್ಕಾಲು ಘಾತಕ್ಕೆ ಪ್ರಮಾಣವಾಗಿರುವುದೆಂದು ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿಯು 1932ರಲ್ಲಿ ತೋರಿಸಿದನು. ಪಶುವೈದ್ಯರು ಬಳಸುವ ಸೂತ್ರದಂತೆ ಲೆಕ್ಕಹಾಕಿದರೆ, 25 ಕಿಲೋಗ್ರಾಂ ತೂಕದ ನಾಯಿಗೆ ವಿಶ್ರಾಂತಿಯಲ್ಲಿ ದಿನಕ್ಕೆ ಸುಮಾರು 780 ಕಿಲೋಕ್ಯಾಲೊರಿಯೂ, 5 ಕಿಲೋಗ್ರಾಂ ತೂಕದ ನಾಯಿಗೆ ಸುಮಾರು 235 ಕಿಲೋಕ್ಯಾಲೊರಿಯೂ ಬೇಕಾಗುತ್ತವೆ. ತೂಕದಲ್ಲಿ ಐದು ಪಾಲು, ಊಟದಲ್ಲಿ ಮೂರೂಕಾಲು ಪಾಲು. ಒಂದೇ ತಟ್ಟೆಯಲ್ಲಿ ಇಬ್ಬರಿಗೂ ಬಡಿಸುವವರು ಒಂದನ್ನು ಬೊಜ್ಜು ಬೆಳೆಸಿ, ಇನ್ನೊಂದನ್ನು ಅರೆಹೊಟ್ಟೆಯಲ್ಲಿ ಉಳಿಸುತ್ತಾರೆ. ಹವಾಗುಣದ ವಿಷಯದಲ್ಲಿಯೂ ಇಬ್ಬರ ಅವಶ್ಯಕತೆ ಬೇರೆ. ನಾಯಿಗಳಿಗೆ ಮೈಬೆವರು ಇಲ್ಲವೆನ್ನುವಷ್ಟು ಕಡಿಮೆ. ನಾಲಗೆ ಚಾಚಿ ತೇಗುವಾಗ ಆವಿಯಾಗುವ ಪ್ರತಿ ಗ್ರಾಂ ನೀರು ಸುಮಾರು 580 ಕ್ಯಾಲೊರಿ ಉಷ್ಣವನ್ನು ಒಯ್ಯುವುದರಿಂದಲೇ ಅವು ತಂಪಾಗುತ್ತವೆ. ದಟ್ಟಕೂದಲಿನ ಸ್ಪಿಟ್ಜ್‌ಗೆ ವೈಶಾಖದ ಬಿಸಿಲಿನಲ್ಲಿ ನೆರಳೂ ತಣ್ಣನೆಯ ನೆಲವೂ ಬೇಕು; ತೆಳುಚರ್ಮದ ಮುಧೋಳಕ್ಕೆ ಮಾಗಿಯ ಚಳಿಯಲ್ಲಿ ಗೋಣಿಯ ಹಾಸಿಗೆಯೂ ಗಾಳಿಯಿಲ್ಲದ ಮೂಲೆಯೂ ಬೇಕು. ಇಬ್ಬರನ್ನೂ ಒಂದೇ ಸ್ಥಳದಲ್ಲಿ ಕಟ್ಟಿದರೆ ಯಾವಾಗಲೂ ಒಬ್ಬರಿಗೆ ಕಷ್ಟ, ಕಷ್ಟದಲ್ಲಿರುವ ಪ್ರಾಣಿಯೇ ಕೆರಳುವ ಪ್ರಾಣಿ.

ಎಳೆತನದ ಕೆಲವು ವಾರಗಳು

ಇಷ್ಟೆಲ್ಲ ಅಂತರಗಳಿದ್ದರೂ ಭಿನ್ನ ತಳಿಯ ನಾಯಿಗಳು ಲಕ್ಷಾಂತರ ಮನೆಗಳಲ್ಲಿ ಹೊಂದಿಕೊಂಡು ಬಾಳುತ್ತಿರುವುದು ಹೇಗೆ? ಇದರ ಮುಖ್ಯ ಕೀಲಿಯು ಬಾಲ್ಯದಲ್ಲಿದೆ. ಮರಿಯು ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಯಾರೊಡನೆ ಬೆರೆಯುತ್ತದೆಯೋ ಅವರನ್ನು ತನ್ನವರೆಂದು ತಿಳಿಯುತ್ತದೆಂದು ಸ್ಕಾಟ್ ಮತ್ತು ಫುಲ್ಲರ್ ಅವರು ನಿರೂಪಿಸಿದರು. 1969ರಲ್ಲಿ ಮೈಕೇಲ್ ಫಾಕ್ಸ್ ಎಂಬಾತನು ಪ್ರಕಟಿಸಿದ ಪ್ರಯೋಗವು ಇದಕ್ಕೆ ಒಂದು ವಿಚಿತ್ರ ನಿದರ್ಶನ. ಅವನು ಚಿವಾವಾ ತಳಿಯ ನಾಯಿಮರಿಗಳನ್ನು ಒಂದೊಂದಾಗಿ ಬೆಕ್ಕಿನ ಮರಿಗಳ ನಡುವೆ ಬೆಳೆಸಿದನು. ಹಾಗೆ ಬೆಳೆದ ನಾಯಿಮರಿಗಳು ಇತರ ನಾಯಿಮರಿಗಳಿಗಿಂತ ಬೆಕ್ಕುಗಳ ಸಂಗವನ್ನೇ ಬಯಸಿದುವು. ಮುಂದೆ ನಾಯಿಮರಿಗಳೊಡನೆ ಬೆರೆಯಲು ಬಿಟ್ಟ ಮೇಲೆ ಅವುಗಳೊಡನೆಯೂ ಕಲೆತುವು. ಬೆಕ್ಕನ್ನೇ ಬಂಧುವೆಂದು ತಿಳಿಯಬಲ್ಲ ಪ್ರಾಣಿಗೆ ಬೇರೆ ತಳಿಯ ನಾಯಿಯು ಪರಕೀಯವಾಗಬೇಕೆಂಬ ನಿಯಮವೇನೂ ಇಲ್ಲ.

ಇದರಿಂದ ಹೊರಡುವ ವ್ಯಾವಹಾರಿಕ ತೀರ್ಮಾನ ಎರಡು. ಮೊದಲನೆಯದಾಗಿ, ನಾಲ್ಕೈದು ವಾರಗಳಲ್ಲಿಯೇ ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ಅಗಲಿಸಿ ಮಾರುವ ಮರಿಯನ್ನು ಕೊಳ್ಳಬಾರದು. ಎಂಟು ವಾರಗಳಾದರೂ ಅದು ಅವುಗಳೊಡನೆ ಆಡಿ, ಎಷ್ಟು ಬಲವಾಗಿ ಕಚ್ಚಿದರೆ ನೋವಾಗುತ್ತದೆಂಬುದನ್ನು ಕಲಿಯಬೇಕು. ಎರಡನೆಯದಾಗಿ, ಬೆಳೆದ ನಾಯಿಯನ್ನು ತರುವುದಾದರೆ ಅದರ ತಳಿಯನ್ನು ವಿಚಾರಿಸುವುದಕ್ಕಿಂತ, ಎಳೆತನದಲ್ಲಿ ಅದು ಬೇರೆ ನಾಯಿಗಳನ್ನು ಕಂಡಿತ್ತೆ, ಅವುಗಳೊಡನೆ ಹೇಗಿತ್ತು ಎಂದು ವಿಚಾರಿಸುವುದು ಲೇಸು.

ಜಗಳ ಹುಟ್ಟುವುದು ಎಲ್ಲಿ?

ಒಂದೇ ಮನೆಯ ನಾಯಿಗಳಲ್ಲಿ ನಡೆಯುವ ಕಾದಾಟವನ್ನು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದ ಪಶುವೈದ್ಯರು ಅಭ್ಯಸಿಸಿ, 38 ಜೋಡಿಗಳ ವಿವರವನ್ನು 2011ರಲ್ಲಿ ಪ್ರಕಟಿಸಿದರು. ನೂರಕ್ಕೆ 79 ಜೋಡಿಗಳಲ್ಲಿ ಎರಡು ನಾಯಿಗಳೂ ಒಂದೇ ಲಿಂಗದವಾಗಿದ್ದುವು. ಹೆಣ್ಣುಹೆಣ್ಣುಗಳ ಕಾದಾಟವೂ ಅಲ್ಲಿ ಧಾರಾಳವಾಗಿ ಕಂಡುಬಂದಿತು. ನೂರಕ್ಕೆ ಸುಮಾರು 70 ಪ್ರಸಂಗಗಳಲ್ಲಿ ಜಗಳವನ್ನು ಆರಂಭಿಸಿದುದು ಮನೆಗೆ ಹೊಸತಾಗಿ ಬಂದ ನಾಯಿ. ಜಗಳದ ಸಂದರ್ಭಗಳು ಯಾವುವು? ಒಡೆಯನು ಒಂದನ್ನು ಮುದ್ದಿಸಿದುದು, ಊಟ, ಅತಿಯಾದ ಉತ್ಸಾಹ, ನೆಲದ ಮೇಲೆ ಸಿಕ್ಕ ವಸ್ತು. ಗಮನಿಸಬೇಕಾದ ಮಾತೆಂದರೆ, ಈ ಸಂದರ್ಭಗಳೆಲ್ಲವೂ ಮನುಷ್ಯನ ಕೈಯಲ್ಲಿರುವಂಥವು. ನಾಯಿಯ ತಳಿಯನ್ನು ನಾವು ಬದಲಾಯಿಸಲಾರೆವು. ಅದರ ತಟ್ಟೆಯನ್ನು ಆರು ಅಡಿ ದೂರ ಸರಿಸಬಲ್ಲೆವು.

‘ಇಬ್ಬರಲ್ಲಿ ಯಜಮಾನ ಯಾರೆಂದು ತೀರ್ಮಾನವಾಗುವವರೆಗೆ ಕಾದಾಡಲೇಬೇಕು’ ಎಂಬ ನಂಬಿಕೆಯ ಮೂಲವನ್ನೂ ಇಲ್ಲಿ ಹೇಳಬೇಕು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ, ಅವು ಪದವಿಗಾಗಿ ಹೋರಾಡುವುವೆಂದು ಬರೆದನು. ಸ್ವತಂತ್ರವಾಗಿ ತಿರುಗುವ ತೋಳಗಳನ್ನು ಹಲವು ವರ್ಷ ಹಿಂಬಾಲಿಸಿ ನೋಡಿದ ಡೇವಿಡ್ ಮೆಕ್ ಎಂಬಾತನು, ಅವುಗಳ ಹಿಂಡು ತಂದೆತಾಯಿ ಮಕ್ಕಳಿರುವ ಒಂದು ಕುಟುಂಬವೇ ಹೊರತು ಸಿಂಹಾಸನಕ್ಕಾಗಿ ಹೋರಾಡುವ ದಂಡಲ್ಲವೆಂದು 1999ರಲ್ಲಿ ತೋರಿಸಿಕೊಟ್ಟನು. ಮನೆಯ ನಾಯಿಗಳನ್ನು ಕಾದಾಡಲು ಬಿಡುವುದಕ್ಕೆ ಶಾಸ್ತ್ರಾಧಾರವಿಲ್ಲ. ಕಾದಾಟವು ಕಾದಾಟವನ್ನೇ ಕಲಿಸುತ್ತದೆ.

ಪರಿಚಯ ಮಾಡಿಸುವ ಕ್ರಮ

ಈಗ ನಮ್ಮ ಮುಧೋಳ ನಾಯಿಯಿರುವ ಮನೆಗೆ ಸ್ಪಿಟ್ಜ್ ಬರಲಿದೆಯೆಂದು ಭಾವಿಸೋಣ. ಮೊದಲು ಪಶುವೈದ್ಯರಿಂದ ಎರಡನ್ನೂ ಪರೀಕ್ಷೆ ಮಾಡಿಸಿ ಹುಚ್ಚುನಾಯಿ ರೋಗ, ಡಿಸ್ಟೆಂಪರ್, ಪಾರ್ವೊ ಇವುಗಳ ಲಸಿಕೆಗಳು ಆಗಿವೆಯೆಂದು ಖಚಿತಪಡಿಸಿಕೊಳ್ಳಬೇಕು. ಸಾಧ್ಯವಾದರೆ ಒಂದು ಗಂಡು, ಒಂದು ಹೆಣ್ಣು ಎಂದು ಆರಿಸಿ, ಸಂತಾನಹರಣ ಚಿಕಿತ್ಸೆ ಮಾಡಿಸುವುದು ವಿಹಿತ. ಚಿಕ್ಕ ತಳಿಯ ಹೆಣ್ಣು ದೊಡ್ಡ ತಳಿಯ ಗಂಡಿನಿಂದ ಗರ್ಭಧರಿಸಿದರೆ ಹೆರಿಗೆಯು ಅಪಾಯಕರವಾಗಬಹುದು.

ಮೊದಲ ಭೇಟಿಯು ಮನೆಯಲ್ಲಿ ಆಗಬಾರದು. ಹಳೆಯ ನಾಯಿಯು ತನ್ನದೆಂದು ಭಾವಿಸದ ಒಂದು ಬೀದಿಯಲ್ಲಿಯೋ ಮೈದಾನದಲ್ಲಿಯೋ ಆಗಬೇಕು. ಇಬ್ಬರು ಮನುಷ್ಯರು ಒಂದೊಂದು ನಾಯಿಯನ್ನು ಸಡಿಲವಾದ ಹಗ್ಗದಲ್ಲಿ ಹಿಡಿದು, ಹತ್ತು ಹದಿನೈದು ಅಡಿಗಳ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಯಬೇಕು. ಎರಡೂ ಶಾಂತವಾದಂತೆ ಅಂತರವನ್ನು ಕಡಿಮೆಮಾಡುತ್ತ, ಕೊನೆಗೆ ಮೂರು ನಾಲ್ಕು ಸೆಕೆಂಡು ಮೂಸಿನೋಡಲು ಬಿಟ್ಟು, ಮತ್ತೆ ನಡೆಸಿಕೊಂಡು ಹೋಗಬೇಕು. ಎದುರುಬದುರಾಗಿ ನಿಲ್ಲಿಸಿ ಹಗ್ಗವನ್ನು ಬಿಗಿಹಿಡಿಯುವುದು ಜಗಳಕ್ಕೆ ಆಹ್ವಾನ ಕೊಟ್ಟಂತೆ. ಮನೆಗೆ ಬಂದ ಮೇಲೆ ಎಲುಬು, ಆಟದ ಸಾಮಾನು, ಊಟದ ತಟ್ಟೆಗಳನ್ನು ಮೊದಲೇ ಎತ್ತಿಟ್ಟಿರಬೇಕು. ಊಟವನ್ನು ಬೇರೆ ಬೇರೆ ಕೋಣೆಯಲ್ಲಿ ಕೊಡಬೇಕು. ಹಳೆಯ ನಾಯಿಯ ಹಾಸಿಗೆ, ವೇಳೆ, ಒಡೆಯನ ಬಳಿ ಅದಕ್ಕಿರುವ ಜಾಗ ಇವು ಹೊಸತು ಬಂದುದರಿಂದ ಕದಲಬಾರದು. ಸ್ಪಿಟ್ಜ್‌ಗೆ ಮಾತ್ರ ನುಸುಳಲು ಸಾಧ್ಯವಾಗುವ, ಮುಧೋಳಕ್ಕೆ ತಲುಪಲಾಗದ ಒಂದು ಆಶ್ರಯಸ್ಥಾನವಿರಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಎರಡನ್ನೂ ಬೇರೆಯಾಗಿ ಇರಿಸಬೇಕು. ಇದನ್ನು ಕೆಲವು ದಿನಗಳಲ್ಲ, ಕೆಲವು ವಾರಗಳವರೆಗೆ ಪಾಲಿಸಬೇಕು.

ನಾಯಿಯು ಗುರುಗುಟ್ಟಿದಾಗ ಅದನ್ನು ಹೊಡೆಯುವುದು ನಮ್ಮಲ್ಲಿ ಸಾಮಾನ್ಯವಾದ ತಪ್ಪು. ಗುರುಗುಟ್ಟುವಿಕೆಯು ಎಚ್ಚರಿಕೆಯ ಗಂಟೆ. ಗಂಟೆಯನ್ನು ಒಡೆದರೆ ಬೆಂಕಿಯು ಆರುವುದಿಲ್ಲ, ಅದರ ಸುದ್ದಿ ಮಾತ್ರ ನಿಲ್ಲುತ್ತದೆ. ಮೈ ಬಿಗಿದು ನಿಲ್ಲುವುದು, ಕಣ್ಣು ಮಿಟುಕಿಸದೆ ದಿಟ್ಟಿಸುವುದು, ತುಟಿಯನ್ನು ಮೇಲಕ್ಕೆ ಸರಿಸುವುದು ಇವನ್ನು ಕಂಡೊಡನೆ ಬೇರೆಡೆಗೆ ಕರೆದು ಗಮನವನ್ನು ತಿರುಗಿಸಬೇಕು. ಮುಂಗಾಲುಗಳನ್ನು ಚಾಚಿ ಎದೆಯನ್ನು ತಗ್ಗಿಸಿ, ಹಿಂಭಾಗವನ್ನು ಎತ್ತಿ ನಿಲ್ಲುವ ಭಂಗಿಯನ್ನು ಕಂಡರೆ ಆಟಕ್ಕೆ ಕರೆಯುತ್ತಿದೆಯೆಂದು ಸಂತೋಷಪಡಬಹುದು. ಆದರೆ ಆಟದಲ್ಲಿಯೂ ಹಿಂದೆ ಹೇಳಿದ ಢಿಕ್ಕಿಯ ಲೆಕ್ಕವನ್ನು ಮರೆಯಬಾರದು. ಒಂದು ವೇಳೆ ಕಾದಾಟವೇ ನಡೆದರೆ ನಡುವೆ ಕೈಹಾಕಬಾರದು. ನೀರನ್ನು ಎರಚಿ, ಇಲ್ಲವೆ ಹಲಗೆಯನ್ನು ಅಡ್ಡ ಹಿಡಿದು ಬೇರ್ಪಡಿಸಬೇಕು.

ಉಪಸಂಹಾರ

ಭಿನ್ನ ತಳಿಯ ಎರಡು ನಾಯಿಗಳು ಒಟ್ಟಿಗೆ ಬಾಳಬಲ್ಲವೆ ಎಂಬ ಪ್ರಶ್ನೆಗೆ, ಬಾಳಬಲ್ಲವು ಎಂಬುದೇ ಉತ್ತರ. ಅವುಗಳನ್ನು ಅಗಲಿಸುವುದು ತಳಿಯ ಹೆಸರಲ್ಲ. ಒಂದನ್ನೊಂದು ನಾಯಿಯೆಂದು ಅವು ಬಲ್ಲವು, ಒಂದರ ಮಾತನ್ನು ಇನ್ನೊಂದು ಕಲಿಯಬಲ್ಲುದು, ಎಳೆತನದಲ್ಲಿ ಬೆರೆತಿದ್ದರೆ ಇದು ಇನ್ನೂ ಸುಲಭ. ನಿಜವಾದ ಅಂತರವಿರುವುದು ತೂಕದಲ್ಲಿ. ಅದನ್ನು ತುಂಬಿಕೊಡುವ ಹೊಣೆ ನಾಯಿಗಳದಲ್ಲ, ಒಡೆಯನದು. ಕ್ರಮವಾಗಿ ಪ್ರಯತ್ನಿಸಿದ ಮೇಲೆಯೂ ಒಂದು ಜೋಡಿಯು ಮತ್ತೆ ಮತ್ತೆ ಕಾದಾಡುತ್ತಿದ್ದರೆ, ಚಿಕ್ಕದರ ಪ್ರಾಣವನ್ನು ಪಣವಾಗಿಟ್ಟು ಹಟಹಿಡಿಯದೆ ಬೇರ್ಪಡಿಸುವುದೇ ದಯೆ. ಆದರೆ ಆ ತೀರ್ಮಾನವನ್ನು ಕೈಗೊಳ್ಳುವ ಮುನ್ನ, ಜಗಳದ ಸಮಯದಲ್ಲಿ ತಟ್ಟೆ ಎಲ್ಲಿತ್ತು, ಹಾಸಿಗೆ ಎಲ್ಲಿತ್ತು, ತನ್ನ ಕೈ ಯಾರ ತಲೆಯ ಮೇಲಿತ್ತು ಎಂಬ ಮೂರು ಪ್ರಶ್ನೆಗಳನ್ನು ಒಡೆಯನು ತನಗೆ ತಾನೇ ಕೇಳಿಕೊಳ್ಳಬೇಕು. ಬಹುತೇಕ ಮನೆಗಳಲ್ಲಿ ಈ ಮೂರನ್ನು ಸರಿಪಡಿಸಿದರೆ, ಹಳೆಯ ನಾಯಿಯನ್ನು ಹೊರಗೆ ಕಳುಹಿಸುವ ಪ್ರಸಂಗವೇ ಬರುವುದಿಲ್ಲ.